ಹದಿಮೂರನೇ ಗಿರಾಕಿ

ನಲವತ್ತು ವರ್ಷ ಊರವರ ಗಡ್ಡ ಹೆರೆದ ಮಾವನ ಕೈ ಈಗ ನಡುಗುತ್ತದೆ. ಅವರ ಗಡ್ಡಕ್ಕೆ ಸೊಸೆಯಾದ ನಾನೇ ಕತ್ತಿ ಹಿಡಿಯುತ್ತೇನೆಂದೆ. "ಮೊದ್ಲು ಬಲೂನು, ಆಮೇಲೆ ನಾನು," ಎಂದು ಊದಿದ ಬಲೂನಿಗೆ ನೊರೆ ಬಳಿದುಕೊಟ್ಟರು. ಒಡೆದಾಗಲೆಲ್ಲ "ಗಿರಾಕಿ ಹೋದ!" ಎಂದು ಕೂಗುತ್ತಿದ್ದರು. ಹನ್ನೊಂದು ಗಿರಾಕಿಗಳು ಹೋದರು. ಹನ್ನೆರಡನೆಯವನು ಉಳಿದ.

ಇವತ್ತು ಮಾವನೇ ಕುರ್ಚಿಯಲ್ಲಿ ಕೂತರು. ಹಲ್ಲಿಲ್ಲದೆ ಕೆನ್ನೆ ಗುಳಿಬಿದ್ದಿತ್ತು, ಕತ್ತಿ ಓಡುವಂತಿರಲಿಲ್ಲ. "ಮಾವ, ಗಾಳಿ ತುಂಬ್ಕೊಳ್ಳಿ," ಎಂದೆ. ಕೆನ್ನೆಯನ್ನು ಬಲೂನಿನಂತೆ ಉಬ್ಬಿಸಿದರು. ಜೀವ ಕೈಯಲ್ಲಿ ಹಿಡಿದುಕೊಂಡು ಕಿವಿಯಿಂದ ಗಲ್ಲದವರೆಗೆ ಎಳೆದೆ. ಒಂದು ಗೀರೂ ಇಲ್ಲ. ಕತ್ತಿ ಎತ್ತಿದ್ದೇ ತಡ, ಮಾವ ಬಾಯಲ್ಲೇ "ಠಪ್!" ಎಂದರು. ನಾನು ಬೆಚ್ಚಿ ಎರಡು ಹೆಜ್ಜೆ ಹಿಂದೆ ಹಾರಿದೆ.

"ನಗಿ ಮಾವ, ಚೆನ್ನಾಗಿ ನಗಿ," ಎಂದೆ, ಕತ್ತಿ ಮಸೆಯುತ್ತಾ. "ಇನ್ನೊಂದು ಕೆನ್ನೆ ಬಾಕಿ ಇದೆ."