ಬಲಗಾಲಿನ ಬೆರಳು

ನನಗೆ ಮೂಗಿನ ತುದಿಯಲ್ಲೇ ಕೋಪ, ಒಪ್ಪಿಕೊಳ್ಳುತ್ತೇನೆ. ಆದರೆ ಆ ದಿನದ ಕೋಪಕ್ಕೆ ಕಾರಣ ಇತ್ತು. ಮ್ಯೂಸಿಯಂನ ಮೂರು ಹಳೇ ಹಕ್ಕಿಗಳ ಕಾಲ್ಬೆರಳಿಂದ ಸಾಸಿವೆ ಕಾಳಷ್ಟು ಚರ್ಮ ತೆಗೆದು ಡಿಎನ್‌ಎ ಓದಿಸಿದರೆ, ಮೂರೂ ಅಕ್ಷರಕ್ಕೆ ಅಕ್ಷರ ಒಂದೇ! ಒಡಹುಟ್ಟಿದವರಲ್ಲೂ ಅಷ್ಟೋ ಇಷ್ಟೋ ವ್ಯತ್ಯಾಸ ಇರುತ್ತೆ ಸ್ವಾಮಿ. "ಕೈತಪ್ಪಿ ಒಂದರದ್ದು ಇನ್ನೊಂದಕ್ಕೆ ಅಂಟಿಸಿದೀರಮ್ಮ" ಅಂದರು ನಮ್ಮ ಸಾಹೇಬರು. ಹನ್ನೊಂದು ವರ್ಷ ಲ್ಯಾಬಿನಲ್ಲಿ ಕೈಗವಸು ಹಾಕಿಕೊಂಡು ದುಡಿದವಳಿಗೆ ಈ ಮಾತು! ಹಲ್ಲು ಕಚ್ಚಿಕೊಂಡು ಇನ್ನೊಂದು ಸಲ ಮಾಡಿದೆ. ಮತ್ತೆ ಅದೇ.

ಈ ಹಕ್ಕಿಗಳ ಹಿಂದೆ ಇರುವವರು ನಮ್ಮ ಮಾವ, ನನ್ನ ಗಂಡನ ಅಪ್ಪ. ಇದೇ ಮ್ಯೂಸಿಯಂನಲ್ಲಿ ಮೂವತ್ತೈದು ವರ್ಷ ಸತ್ತ ಹಕ್ಕಿಗಳ ಚರ್ಮ ಸುಲಿದು, ಹತ್ತಿ ತುಂಬಿ, ಹೊಲಿದು, ಕಾಲಿಗೆ ಚೀಟಿ ಕಟ್ಟಿದವರು. ಗುಡ್ಡದ ಕಂದು ಹಕ್ಕಿಗಳ ಡ್ರಾಯರಿಗೆ ಕೆರೆಯ ಜೊಂಡಿನಿಂದ ತಂದ ಮೂರು ಕಂದು ಹಕ್ಕಿ ಸೇರಿಸುವಾಗ, "ಇದು ಒಂದು ಜಾತಿ ಅಲ್ಲ, ಎರಡಪ್ಪಾ!" ಅಂದಿದ್ದರಂತೆ. ನೋಡೋಕೆ ತದ್ರೂಪು. ಆದರೆ ಮಾವನದ್ದು ಒಂದೇ ಹಟ: "ಕಣ್ಣಿಗೆ ಒಂದೇ, ಕೈಗೆ ಬೇರೆ. ಗುಡ್ಡದ್ದರ ಚರ್ಮ ನೆನೆಸಿದ ಬಾದಾಮಿ ಸಿಪ್ಪೆ ಥರ ಜಾರುತ್ತೆ. ಜೊಂಡಿನದ್ದು ಕತ್ತಿನ ಹತ್ತಿರ ಬಿಡೋದೇ ಇಲ್ಲ." ಚೀಟಿಯಲ್ಲೂ 'ಬೇರೆ ಜಾತಿ' ಅಂತ ಬರೆದರು. ಆಗಿನ ಸಾಹೇಬರು ಕೆಂಪು ಪೆನ್ನಲ್ಲಿ ಹೊಡೆದುಹಾಕಿದರು. ಅವತ್ತಿಂದ ಅವರ ಹೆಸರೇ ಎರಡಪ್ಪ ಆಯಿತು. ನಿವೃತ್ತಿಯ ದಿನದ ಭಾಷಣದಲ್ಲೂ ಹಾಗೇ ಕರೆದು ನಕ್ಕರಂತೆ. "ನಾನು ಹೋಗೋದ್ರೊಳಗೆ ಗೊತ್ತಾಗ್ಲಿ ಕಣಮ್ಮ, ಸರಿಯೋ ತಪ್ಪೋ" ಅಂತ ಮಾವ ನನ್ನ ತಲೆ ತಿಂದು, ನಾನು ಈಗಿನ ಸಾಹೇಬರ ತಲೆ ತಿಂದು, ಅಂತೂ ಜೊಂಡಿನ ಆ ಮೂರನ್ನು ಗುಡ್ಡದವುಗಳ ಜೊತೆ ಹೋಲಿಸೋ ಪರೀಕ್ಷೆಗೆ ಒಪ್ಪಿಗೆ ಸಿಕ್ಕಿತ್ತು.

ಮನೆಗೆ ಬಂದವಳು ಚಪ್ಪಲಿ ಬಿಡುತ್ತಲೇ ಶುರು ಮಾಡಿದೆ. "ಮಾವ, ಜೊಂಡಿನವೂ ಗುಡ್ಡದ ಜಾತಿನೇ ಅಂತಿದೆ ಡಿಎನ್‌ಎ. ಅದು ಹಾಳಾಗಿ ಹೋಗ್ಲಿ, ಮೂರೂ ಒಂದೇ ಹಕ್ಕಿ ಅಂತಿದೆ! ಇದೆಂಥ ಮಾಯೆ?"

ಊಟಕ್ಕೆ ಕೂತಿದ್ದವರು ತಟ್ಟೆಯಿಂದ ಕೈ ತೆಗೆದರು. "ಚರ್ಮ ಎಲ್ಲಿಂದ ತಗೊಂಡೆ?"

"ಕಾಲ್ಬೆರಳಿಂದ. ಎಲ್ಲರೂ ಅಲ್ಲೇ ತಗೊಳ್ಳೋದು, ಹಕ್ಕಿ ಕೆಡಲ್ಲ."

"ಯಾವ ಕಾಲು?"

"ಬಲಗಾಲು. ಯಾಕೆ?"

ತಟ್ಟೆ ಪಕ್ಕಕ್ಕೆ ಸರಿಸಿದರು. ಆಮೇಲೆ ಮೆಲ್ಲಗೆ ಅಂದರು: "ಆ ಬೆರಳು ಅವುಗಳದ್ದಲ್ಲ."

ನಾನು ಕುರ್ಚಿ ಎಳೆದುಕೊಂಡು ಅವರೆದುರು ಕೂತೆ.

"ಸಾಲಾಗಿ ಮಲಗಿಸಿದ್ದ ಮೂರಕ್ಕೂ ಬಲಗಾಲಿನ ಬೆರಳು ಹುಳ ತಿಂದಿತ್ತು. ಮಾರನೇ ದಿನ ತಪಾಸಣೆ. ಕೆಟ್ಟುಹೋದ ಗುಡ್ಡದ ಹಕ್ಕಿ ಒಂದಿತ್ತು, ಅದರ ಬೆರಳುಗಳನ್ನ ಕತ್ತರಿಸಿ ಮೂರಕ್ಕೂ ಅಂಟಿಸಿದೆ. ರಿಪೇರಿ ಮಾಡಿದ್ರೆ ಚೀಟಿ ಮೇಲೆ ಬರೀಬೇಕು. ಬರೀಲಿಲ್ಲ."

"ಅಯ್ಯೋ ಮಾವ! ನಿಮ್ಮ ಚೀಟಿ ಅಂದ್ರೆ ಅಲ್ಲಿ ಕಣ್ಮುಚ್ಚಿ ನಂಬ್ತಾರೆ! ಏನೇ ಮಾಡಿದ್ರೂ ಬರೆದಿಡಿ ಅಂತ ಊರಿಗೆಲ್ಲ ಪಾಠ ಹೇಳಿದವರು ನೀವೇ!"

"ಅದಕ್ಕೇ ಬಾಯಿ ಬರಲಿಲ್ಲ."

ನನಗೆ ಕೋಪವೂ ಬಂತು, ಅಯ್ಯೋ ಪಾಪ ಅಂತಲೂ ಅನ್ನಿಸಿತು. ಹೇಳಿದರೆ ಮೂವತ್ತೈದು ವರ್ಷದ ಮರ್ಯಾದೆ ಮಣ್ಣುಪಾಲು. ಹೇಳದಿದ್ದರೆ ಆ ಮೂರು ಹಕ್ಕಿ ಎಂದೆಂದಿಗೂ ಗುಡ್ಡದ ಜಾತಿ. "ನಿಮ್ಮಿಷ್ಟ" ಅಂದು ಒಳಗೆ ಹೋದೆ.

ಬೆಳಿಗ್ಗೆ ನೋಡಿದರೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ಸಾಹೇಬರ ಮುಂದೆ ಒಂದಕ್ಷರ ಬಿಡದೆ ಎಲ್ಲ ಹೇಳಿದರು. ಕೊನೆಗೆ ನನ್ನ ಕಡೆ ತಿರುಗಿ, "ಹೊಟ್ಟೆ ಹೊಲಿಗೆ ಹತ್ತಿರ ತಗೋ. ಆ ಚರ್ಮ ಅವುಗಳದ್ದೇ" ಅಂದರು. ಸಾಹೇಬರು ಇನ್ನೊಂದು ಪರೀಕ್ಷೆಗೆ ಸಹಿ ಹಾಕಿದರು.

ಮೂರು ವಾರಕ್ಕೆ ಫಲಿತಾಂಶ ಬಂತು. ಗುಡ್ಡದವೆಲ್ಲ ಒಂದು ಕಡೆ, ಜೊಂಡಿನ ಮೂರೂ ಇನ್ನೊಂದು ಕಡೆ. ಎಷ್ಟೋ ಲಕ್ಷ ವರ್ಷಗಳ ಹಿಂದೆಯೇ ಬೇರೆ ಸಂಸಾರ ಹೂಡಿದವು! ಮೂರರ ನಡುವೆಯೂ ಇರಬೇಕಾದಷ್ಟು ವ್ಯತ್ಯಾಸ ಇತ್ತು. ನಾನು ಲ್ಯಾಬಲ್ಲಿ ಕೂಗಿದ ಕೂಗಿಗೆ ಕಾವಲಿನವನು ಓಡಿಬಂದ.

ಸಾಹೇಬರು ಮಾವನನ್ನು ಕರೆಸಿ, ಆ ಮೂರು ಹಕ್ಕಿಗಳನ್ನೂ ಹೊಸ ಚೀಟಿಗಳನ್ನೂ ಮುಂದಿಟ್ಟರು. "ಬೇರೆ ಜಾತಿ ಅಂತ ನೀವೇ ಬರೀರಿ."

ಮಾವ ಚೀಟಿ ತಿರುಗಿಸಿ ಹಿಂಬದಿಗೆ ಬರೆದರು: 'ಬಲಗಾಲಿನ ಬೆರಳು ಬೇರೆ ಹಕ್ಕಿಯದು. ಅಂಟಿಸಿ ಮುಚ್ಚಿಟ್ಟವನು ನಾನು.' ಕೆಳಗೆ ಸಹಿ. ಮೂರಕ್ಕೂ ಹಾಗೇ ಬರೆದರು. ಆಮೇಲೆ ಪೆನ್ನು ನನ್ನ ಕಡೆ ನೂಕಿ, "ಮುಂಬದಿಗೆ ನೀನು ಬರಿಯಮ್ಮ. ನಂಗೆ ಆ ಯೋಗ್ಯತೆ ಇಲ್ಲ" ಅಂದರು.

ನನಗೆ ಉರಿದುಹೋಯಿತು, ಕಣ್ಣೂ ತುಂಬಿತು. ಮೂರೂ ಚೀಟಿ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ: 'ಬೇರೆ ಜಾತಿ. ಮೊದಲು ಗುರುತಿಸಿದವರು, ಎರಡಪ್ಪನವರು.'

ಸಾಹೇಬರು ಕನ್ನಡಕ ಏರಿಸಿ ಎರಡೂ ಬದಿ ಓದಿದರು. ಅವರ ಜೇಬಲ್ಲೂ ಒಂದು ಕೆಂಪು ಪೆನ್ನು ಇತ್ತು. ಅದನ್ನು ಮುಟ್ಟಲಿಲ್ಲ. ಚೀಟಿಗಳನ್ನು ಮಾವನ ಕೈಗೇ ಕೊಟ್ಟು, "ಕಟ್ಟಿ" ಅಂದರು.