ಮಗುವಿನ ಹಿಟ್ಟಿಗೆ ಖಾರ ಸೇರಿದ ದಿನ

ತಾಳಗುಂದದಲ್ಲಿ ಚನ್ನೇಶನ ಹಿಟ್ಟಿನ ಗಿರಣಿ ಇದೆ. ಖಾರದ ಪುಡಿಗೆ ಒಂದು ಮಿಷನ್, ಹಿಟ್ಟಿಗೆ ಇನ್ನೊಂದು. ಅವತ್ತು ಖಾರದ ಮಿಷನ್ ಕೆಟ್ಟಿತ್ತು. ಹೋಟೆಲಿನವರೊಬ್ಬರು ಒಣಮೆಣಸಿನಕಾಯಿ ತಂದು ಅವಸರ ಮಾಡಿದರು. ಚನ್ನೇಶ ಅದನ್ನು ಹಿಟ್ಟಿನ ಮಿಷನ್ನಿಗೇ ಸುರಿದ. ಆಮೇಲೆ ಮಿಷನ್ ಬಿಚ್ಚಿ ಚೆನ್ನಾಗಿ ಗುಡಿಸಬೇಕಿತ್ತು. ಜನ ಕಾಯುತ್ತಿದ್ದರು. ಒಂದು ಹಿಡಿ ನುಚ್ಚು ಹಾಕಿ ತಿರುಗಿಸಿ, ಸಾಕು ಅಂದುಕೊಂಡ. ಅದರ ಹಿಂದೆಯೇ ಪಕ್ಕದ ಬೀದಿಯ ನಯನಾಳ ರಾಗಿ ಬೀಸಿದ. ಎಂಟು ತಿಂಗಳ ಮಗಳಿಗೆ ಗಂಜಿಯಂಥ 'ಸರಿ' ಮಾಡಿ ತಿನ್ನಿಸಲು ಅವಳು ಮೊಳಕೆ ಕಟ್ಟಿ, ಒಣಗಿಸಿ ತಂದಿದ್ದ ರಾಗಿ ಅದು.

ಮಧ್ಯಾಹ್ನ ನಯನ ಬಂದು ಹಿಟ್ಟಿನ ಡಬ್ಬಿಯನ್ನು ತಕ್ಕಡಿಯ ಪಕ್ಕ ಕುಕ್ಕಿದಳು.

"ಚನ್ನೇಶಣ್ಣ, ಇದನ್ನ ಒಂಚೂರು ನಾಲಿಗೆ ಮೇಲೆ ಹಾಕ್ಕಂಡು ನೋಡ್ರಿ. ಮಗಳ ತುಟಿ ಬಾತ್ಕಂಡೈತೆ. ಸರಿ ಮೆತ್ತಿದ ಕೈಲೇ ಕಣ್ಣು ಉಜ್ಜಿಕಂಡು ಒಂದೇ ಸಮ ಅಳ್ತಿತ್ತು. ಶಿರಾಳಕೊಪ್ಪಕ್ಕೆ ಕರ್ಕಂಡು ಹೋಗಿ ಡಾಕ್ಟ್ರಿಗೆ ತೋರಿಸ್ಕಂಡು ಬಂದ್ವಿ."

ಚನ್ನೇಶನಿಗೆ ಆ ಕ್ಷಣವೇ ಗೊತ್ತಾಯಿತು. ಆದರೆ ಗಿರಣಿಯ ತುಂಬ ಜನ ನಿಂತಿದ್ದರು.

"ನಮ್ಮಲ್ಲಿ ಹಂಗೆಲ್ಲ ಆಗಾದಿಲ್ಲಮ್ಮ. ನಿಮ್ಮನೆ ಪಾತ್ರೇಲೇ ಖಾರ ಇತ್ತೇನೋ."

ನಯನಾಳ ಮುಖ ಕೆಂಪಾಯಿತು. "ಮಗು ಪಾತ್ರೆ ತೊಳಿಯಾಕೆ ಬರದೋಳು ಅಂತೀರಾ ನನ್ನ?" ಅಷ್ಟೇ ಕೇಳಿ ಡಬ್ಬಿ ಎತ್ತಿಕೊಂಡು ಹೋದಳು.

ಜನ ಕರಗಿದ ಮೇಲೆ ಚನ್ನೇಶನ ಹೆಂಡತಿ ಧನ್ಯಾ ಮಿಷನ್ ಆಫ್ ಮಾಡಿದಳು. "ನೀವು ಮೆಣಸಿನಕಾಯಿ ಬೀಸಿದ್ದು ನಾನು ಕಂಡೀನ್ರೀ."

ಒಳಗಿದ್ದ ಚನ್ನೇಶನ ತಾಯಿ ಮಹಾದೇವಮ್ಮ ಅಡ್ಡ ಬಾಯಿ ಹಾಕಿದರು. "ಒಪ್ಪಿಕಂಡ್ರೆ ನಾಳೆಯಿಂದ ಇಲ್ಲಿಗೆ ಯಾರು ಬರ್ತಾರೆ? ಒಂದು ಚೀಲ ರಾಗಿಹಿಟ್ಟು ಕೊಟ್ಟು ಬಾ. ಸುಮ್ಮನಾಗ್ತಾಳೆ."

ಚನ್ನೇಶ ಚೀಲವನ್ನು ಬೈಕಿಗೇರಿಸಿಕೊಂಡು ನಯನಾಳ ಬಾಗಿಲಿಗೆ ಹೋದ. "ನಿಂಗೆ ಬೇಜಾರಾಗಿದ್ರೆ ಸಾರಿ ಕಣಮ್ಮ. ಇದು ಇಟ್ಕ. ಊರೆಲ್ಲ ಹೇಳ್ಕಂಡು ಬರಬ್ಯಾಡ."

ನಯನ ಚೀಲವನ್ನು ಎತ್ತಿ ವಾಪಸ್ ಬೈಕಿನ ಮೇಲಿಟ್ಟಳು. "ಬೇಜಾರಾಗಿದ್ರೆ ಅಂತೀರಲ್ಲ, ಆಗೈತೋ ಇಲ್ವೋ ಅಂತ ಇನ್ನೂ ಅನುಮಾನ ಐತಾ ನಿಮಗೆ? ನನ್ನ ಬಾಯಿ ಮುಚ್ಚಿಸಾಕೆ ಹಿಟ್ಟು ತಂದೀರಿ. ತಗಂಡು ಹೋಗ್ರಿ."

ಚನ್ನೇಶ ಕುದಿಯುತ್ತ ಮನೆಗೆ ಬಂದ. "ಸಾರಿ ಅಂದೆ. ಇನ್ನೇನು ಕಾಲಿಗೆ ಬೀಳಬೇಕಿತ್ತಾ?"

"ಎಲ್ಲಿ ಅಂದ್ರಿ?" ಧನ್ಯಾ ಕೇಳಿದಳು. "ನಾನು ಇಂಥಾ ತಪ್ಪು ಮಾಡೀನಿ ಅಂತ ಒಂದು ಮಾತು ಬಂತಾ ನಿಮ್ಮ ಬಾಯಲ್ಲಿ? ನಯನಾಳ ಹಿಂದೆ ಕೆಂಪಪ್ಪನವರ ರಾಗೀನೂ ಬೀಸಿದ್ರಿ. ಅವರ ಮೊಮ್ಮಗೂಗೆ ಈ ವಾರ ಸರಿ ತಿನ್ನಿಸಾಕೆ ಶುರು ಮಾಡ್ಯಾರೆ. ನೀವಿಲ್ಲಿ ಮರ್ಯಾದೆ ಕಾಯ್ಕಂಡು ಕೂತಿರ್ರಿ. ಅಲ್ಲಿ ಇನ್ನೊಂದು ಮಗು ಬಾಯಿ ಸುಟ್ಕಳ್ಳಲಿ."

ಮಹಾದೇವಮ್ಮನ ಮುಖ ಇಳಿಯಿತು. "ಅಯ್ಯೋ, ಮೊದ್ಲು ಅಲ್ಲಿಗೆ ಓಡೋ," ಎಂದರು.

ಕೆಂಪಪ್ಪನವರ ಮನೆಯಲ್ಲಿ ಸರಿ ಒಲೆಯ ಮೇಲಿತ್ತು. "ಅದನ್ನ ಮಗೂಗೆ ಕೊಡಬ್ಯಾಡ್ರಿ. ಮೆಣಸಿನಕಾಯಿ ಬೀಸಿದ ಮೇಲೆ ನಾನು ಮಿಷನ್ ಸರಿಯಾಗಿ ಗುಡಿಸಲಿಲ್ಲ. ತಪ್ಪು ನಂದೇ," ಎಂದ ಚನ್ನೇಶ. ಕೆಂಪಪ್ಪ ಜಗಲಿಯ ಮೇಲೆ ನಿಂತು ಇಡೀ ಬೀದಿಗೆ ಕೇಳುವಂತೆ ಬೈದರು. ಚನ್ನೇಶ ತಲೆ ತಗ್ಗಿಸಿ ಬೈಸಿಕೊಂಡ. ಆದರೆ ಆ ಸರಿ ಮಗುವಿನ ಬಾಯಿಗೆ ಹೋಗಲಿಲ್ಲ.

ಅಲ್ಲಿಂದ ನೇರ ನಯನಾಳ ಮನೆಗೆ ಹೋದ. ಈ ಸಲ ಕೈಯಲ್ಲಿ ಏನೂ ಇರಲಿಲ್ಲ.

"ನಿನ್ನ ರಾಗಿಗೆ ಮುಂಚೆ ಮೆಣಸಿನಕಾಯಿ ಬೀಸಿದ್ದೆ. ಗೊತ್ತಿದ್ದೂ ಸುಳ್ಳು ಹೇಳ್ದೆ. ತಪ್ಪನ್ನ ನಿನ್ನ ಪಾತ್ರೆ ಮೇಲೆ ಹಾಕಿದ್ದು ಅದಕ್ಕಿಂತ ದೊಡ್ಡ ತಪ್ಪು. ಕ್ಷಮಿಸಮ್ಮ. ಆಸ್ಪತ್ರೆ ಖರ್ಚು ನಾನು ಕೊಡ್ತೀನಿ. ಇನ್ಮೇಲೆ ಹಿಟ್ಟಿನ ಮಿಷನ್ನಿಗೆ ಮೆಣಸಿನಕಾಯಿ ಹಾಕಾದಿಲ್ಲ. ಎಲ್ಲರ ಎದುರಿಗೆ ನಿನ್ನ ಮರ್ಯಾದೆ ತೆಗೆದೆ. ನಾಳೆ ಎಲ್ಲರ ಎದುರಿಗೇ ನಿಜ ಹೇಳ್ತೀನಿ."

ನಯನ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. "ನಂಗಿನ್ನೂ ಸಿಟ್ಟೈತೆ."

"ಇರಬೇಕಾದ್ದೇ," ಎಂದ ಚನ್ನೇಶ.

"ಆದ್ರೆ ನಾಳೆ ಬರ್ತೀನಿ. ನೀವು ಹೇಳಾದನ್ನ ನಿಂತು ಕೇಳ್ತೀನಿ."

ಮರುದಿನ ನಯನ ಬಂದಳು. ಚನ್ನೇಶ ಮಿಷನ್ ಬಿಚ್ಚಿಟ್ಟು, ನಡೆದದ್ದನ್ನು ಒಂದೂ ಬಿಡದೆ ಜನರ ಮುಂದೆ ಹೇಳಿದ. ಪಕ್ಕದಲ್ಲಿ ಮಹಾದೇವಮ್ಮ ನಿಂತಿದ್ದರು. "ಮುಚ್ಚಿಡು ಅಂತ ಹೇಳಿಕೊಟ್ಟೋಳು ನಾನು," ಎಂದರು. ಕೆಲವರು ಬೀಸಿಸದೆ ತಮ್ಮ ಚೀಲ ಎತ್ತಿಕೊಂಡು ಹೋದರು. ಉಳಿದವರು ಮಿಷನ್ನಿನೊಳಗೆ ಬಗ್ಗಿ ನೋಡಿ, ಗುಡಿಸಿದ ಮೇಲೆ ಬೀಸಿಸಿಕೊಂಡರು. ನಯನ ಎಲ್ಲ ಕೇಳಿ, ಒಂದು ಸಲ ತಲೆಯಾಡಿಸಿ ಮನೆಗೆ ಹೋದಳು.

ನೀವೂ ಅಂಗಡಿ ಇಟ್ಟಿರಬಹುದು. ಹೋಟೆಲು ನಡೆಸುತ್ತಿರಬಹುದು, ಸಂಘದಲ್ಲಿ ಹಪ್ಪಳ ಮಾಡಿ ಮಾರುತ್ತಿರಬಹುದು. ಗಿರಾಕಿ ಸಿಟ್ಟಿನಿಂದ ಬಂದಾಗ ಅವರ ಮೇಲೇ ತಪ್ಪು ಹೊರಿಸಬೇಡಿ. ನೀವು ಏನು ತಪ್ಪು ಮಾಡಿದಿರೋ ಅದನ್ನೇ ಬಾಯಿಬಿಟ್ಟು ಹೇಳಿ. 'ಬೇಜಾರಾಗಿದ್ದರೆ' ಅನ್ನುವುದು ಕ್ಷಮೆಯಲ್ಲ, ಬಾಯಿ ಮುಚ್ಚಿಸಲು ಕೊಟ್ಟ ಸಾಮಾನು ಪರಿಹಾರವೂ ಅಲ್ಲ. ಅದೇ ಸರಕು ಬೇರೆ ಮನೆಗಳಿಗೂ ಹೋಗಿದ್ದರೆ, ಅವರು ಬಂದು ಕೇಳುವ ತನಕ ಕಾಯಬೇಡಿ. ಬೈದರೆ ಬೈಸಿಕೊಳ್ಳಿ. ಈಗಲೇ ಹೋಗಿ ಅವರ ಬಾಗಿಲು ತಟ್ಟಿ.