ಪಕ್ಕದ ಮೇಜಿನ ಗುಂಡಿ

"ಅದನ್ನ ಎತ್ತಿಡು ಡೆಲ್ಮರ್, ಮೇಜಿನ ಮೇಲೆ ಬೇಡ," ಎಂದ ಆರ್ಲೆನ್.

"ಕೂಕೆನ್ ಕಣೋ. ಪ್ಲಮ್ ಹಾಕಿದ ಕೇಕು, ನಿನಗಿಷ್ಟ ಅಂತ ಲೋಯಿಸ್ ಬೆಳಿಗ್ಗೆ ಎದ್ದು ಮಾಡಿದಾಳೆ."

"ಏನೇ ಆಗಿರಲಿ. ಲೈಸೆನ್ಸ್ ಇರೋ ಏಜೆಂಟನ ಕೈಯಿಂದ ನಾನು ಒಂದು ಕಪ್ ಕಾಫಿ ಕೂಡ ತಗೊಳ್ಳೋ ಹಾಗಿಲ್ಲ."

"ಹಾಗಾದ್ರೆ ಅರ್ಧ ಗಂಟೆ ತಡಿ. ಆಮೇಲೆ ನನ್ನ ಹತ್ರ ಲೈಸೆನ್ಸೇ ಇರಲ್ಲವಲ್ಲ, ಆವಾಗ ತಿನ್ನು."

ಡೆಲ್ಮರ್ ಫ್ರೀಟಾಗ್ ತನ್ನ ಮಾತಿಗೆ ತಾನೇ ನಕ್ಕು, ಡಬ್ಬಿಯನ್ನು ಕುರ್ಚಿಯ ಕೆಳಗೆ ತಳ್ಳಿದ. ಹಾರ್ಲೋ ಊರಿನಿಂದ ನೂರನಲವತ್ತು ಮೈಲಿ ಹಿಮದ ರಸ್ತೆಯಲ್ಲಿ ಒಬ್ಬನೇ ಓಡಿಸಿಕೊಂಡು ಬಂದಿದ್ದ. ಬೂಟಿನಿಂದ ಕರಗಿದ ನೀರು ಕಾರ್ಪೆಟ್ಟಿನ ಮೇಲೆ ಹರಡುತ್ತಿತ್ತು.

ಆರ್ಲೆನ್ ಬ್ರಾಟ್ವೊಲ್ಡ್‌ಗೆ ರಾಜ್ಯದ ವಿಮಾ ಕಮಿಷನರ್ ಆಗಿ ಇದು ಏಳನೆಯ ಚಳಿಗಾಲ. ಅದಕ್ಕೂ ಮುಂಚೆ ಹದಿನಾರು ವರ್ಷ ಇದೇ ಕಟ್ಟಡದ ಕೆಳಗಿನ ಮಹಡಿಯಲ್ಲಿ ಶಾಸಕನಾಗಿದ್ದ. ಸದನ ಇಲ್ಲದಾಗ ಬಾರ್ಲಿ ಬೆಳೆಯುತ್ತಿದ್ದ. ಹಿಂದಿನ ಕಮಿಷನರ್ ನಿವೃತ್ತನಾದಾಗ ಗವರ್ನರ್ ಕರೆದು ಈ ಕುರ್ಚಿ ಕೊಟ್ಟರು. ಸೊಂಟ ಬಿದ್ದುಹೋದವನಿಗೆ ಕೂತು ಮಾಡುವ ಕೆಲಸ ಎಂದುಕೊಂಡು ಒಪ್ಪಿದ. ಶಾಸಕನಾಗಿದ್ದಾಗ ಜನ ಏನಾದರೂ ಬೇಕೆಂದು ಬರುತ್ತಿದ್ದರು. ಇಲ್ಲಿ ಕಳೆದುಕೊಂಡ ಮೇಲೆ ಬಂದರು. ಆಲಿಕಲ್ಲು ಬಿದ್ದ ಛಾವಣಿ, ಸುಟ್ಟ ಕೊಟ್ಟಿಗೆ, ಕಂಪನಿ ಒಪ್ಪದ ಆಪರೇಷನ್. ಸಂಜೆ ಮನೆಗೆ ಹೋದರೆ ಬೂಟು ಬಿಚ್ಚುವುದಕ್ಕೂ ಬಗ್ಗಲಾಗದೆ ಬಾಗಿಲ ಬಳಿಯ ಬೆಂಚಿನಲ್ಲಿ ಸುಮ್ಮನೆ ಕೂತುಬಿಡುತ್ತಿದ್ದ.

ಇವತ್ತಿನ ಕಡತ ಡೆಲ್ಮರ್‌ನದು. ಹಾರ್ಲೋದ ವಿಧವೆ ವರ್ನಾ ಸ್ಕೋಗನ್‌ಗೆ ಎಂಬತ್ತೊಂದು ವರ್ಷ. ಆಕೆಯ ಮನೆಯ ವಿಮೆ ನವೀಕರಿಸುವಾಗ, ಚರಂಡಿ ನೀರು ನುಗ್ಗಿದರೆ ಸಿಗುವ ಪರಿಹಾರ ತನಗೆ ಬೇಡ ಎನ್ನುವ ಹಾಳೆಗೆ ಡೆಲ್ಮರ್ ಆಕೆಯ ಸಹಿಯನ್ನು ತಾನೇ ಹಾಕಿದ್ದ. "ನಿನಗೆ ಸರಿ ಕಂಡ ಹಾಗೆ ಮಾಡು" ಎಂದು ಆಕೆ ಫೋನಿನಲ್ಲಿ ಹೇಳಿದ್ದಳು. ಏಪ್ರಿಲ್‌ನಲ್ಲಿ ಹಿಮ ಕರಗಿ ನೆಲಮಾಳಿಗೆಯಲ್ಲಿ ಎದೆಮಟ್ಟ ಕೊಳಚೆ ನಿಂತಿತು. ಕಂಪನಿ ಸಹಿ ತೋರಿಸಿ ಕೈ ತೊಳೆದುಕೊಂಡಿತು. ಆಕೆಯ ಅಳಿಯ ದೂರು ಕೊಟ್ಟ. ವಿಚಾರಣೆಯ ದಿನ ವರ್ನಾ ಚರ್ಚಿಗೆ ಹೋಗುವ ಕೋಟು ಹಾಕಿಕೊಂಡು ಬಂದು, ಡೆಲ್ಮರ್‌ಗೆ ಸಹಾಯವಾಗಲೆಂದು ಎಲ್ಲರ ಮುಂದೆ ಹೇಳಿದಳು: "ಅವನನ್ನ ಬೈಬೇಡಿ. ನಲವತ್ತು ವರ್ಷದಿಂದ ನನ್ನ ಸಹಿಯೆಲ್ಲಾ ಅವನೇ ಹಾಕ್ತಿರೋದು. ನನ್ನ ಕೈಬರಹಕ್ಕಿಂತ ಚೆನ್ನಾಗಿದೆ."

ಆ ಒಂದು ಮಾತು ಸಾಕಾಯಿತು. ಬೇರೆಯವರ ಸಹಿ ಹಾಕಿದ ಏಜೆಂಟನ ಲೈಸೆನ್ಸ್ ರದ್ದು ಮಾಡತಕ್ಕದ್ದು ಎಂದಿತ್ತು ಕಾನೂನು. ಮಾಡಬಹುದು ಎಂದಿರಲಿಲ್ಲ. ಆದೇಶಕ್ಕೆ ಮುಂಚೆ ಕಮಿಷನರ್ ಎದುರು ಕೊನೆಯ ಮಾತು ಹೇಳಿಕೊಳ್ಳಲು ಒಂದು ಅವಕಾಶ ಇತ್ತು, ಅಷ್ಟೇ.

"ವರ್ನಾ ಎಲ್ಲಿದಾಳೆ ಈಗ?"

"ಮಗಳ ಮನೇಲಿ. ಸೋಫಾ ಮೇಲೆ ಮಲಗ್ತಾಳೆ. ಮನೆ ಬಿಸಿ ಮಾಡೋ ಫರ್ನೇಸ್ ಆ ಕೊಳಚೇಲಿ ಹೋಯ್ತಲ್ಲ, ಈ ಚಳಿಗೆ ನೀರು ಹೆಪ್ಪುಗಟ್ಟಿ ಪೈಪೆಲ್ಲ ಒಡೆದು ಕೂತಿದೆ." ಡೆಲ್ಮರ್ ಟೋಪಿಯ ಕಿವಿಪಟ್ಟಿಯನ್ನು ಮಡಚಿದ, ಬಿಚ್ಚಿದ. "ಪ್ರೀಮಿಯಂ ಸ್ವಲ್ಪ ಉಳೀಲಿ ಅಂತ ಮಾಡ್ದೆ ಕಣೋ. ಅರವತ್ತು ವರ್ಷದಲ್ಲಿ ಆ ಮನೆಗೆ ಒಂದು ಹನಿ ನೀರು ಬಂದಿರಲಿಲ್ಲ."

"ಗೊತ್ತು."

"ನೋಡು, ನಿನ್ನ ಡೆಪ್ಯುಟಿ ಇದಾನಲ್ಲ, ಆ ಬೋ ಟೈನವನು. ಅವನ ಕೈಲಿ ಸಹಿ ಮಾಡಿಸು. ನನ್ನ ಸ್ನೇಹಿತ, ನಾನು ಮುಟ್ಟಲ್ಲ ಅನ್ನು. ನಿನಗೂ ನಿದ್ದೆ ಬರತ್ತೆ."

"ಇನ್ನೊಬ್ಬನ ಕೈಲಿ ಮಾಡಿಸೋದು..." ಆರ್ಲೆನ್‌ನ ಮಾತು ಅಲ್ಲಿಗೇ ನಿಂತಿತು.

"ಅದರಲ್ಲಿ ನಾವಿಬ್ರೂ ಪಳಗಿದವರು ಬಿಡು," ಎಂದ ಡೆಲ್ಮರ್.

ಡೆಲ್ಮರ್ ಕೂಡ ಶಾಸಕನಾಗಿದ್ದವನೇ. ಹನ್ನೊಂದು ವರ್ಷ ಸದನದಲ್ಲಿ ಇಬ್ಬರ ಮೇಜೂ ಅಕ್ಕಪಕ್ಕ. ಮತ ಹಾಕಲು ಪ್ರತಿ ಮೇಜಿಗೂ ಹೌದು ಎನ್ನಲು ಒಂದು ಹಸಿರು ಗುಂಡಿ, ಬೇಡ ಎನ್ನಲು ಒಂದು ಕೆಂಪು ಗುಂಡಿ. ಒಬ್ಬ ಸಿಗರೇಟಿಗೆ ಎದ್ದುಹೋದರೆ ಪಕ್ಕದವನು ಕೈ ಚಾಚಿ ಅವನದನ್ನೂ ಒತ್ತುತ್ತಿದ್ದ. ಒತ್ತಬಾರದೆಂಬ ನಿಯಮವಿತ್ತು. ಯಾರೂ ಓದಿರಲಿಲ್ಲ. ಆರ್ಲೆನ್‌ನ ಹೆಂಡತಿ ಮಾರ್ಲಿಸ್ ಪಕ್ಕದ ರಾಜ್ಯದ ಆಸ್ಪತ್ರೆಯಲ್ಲಿ ಸಾಯುತ್ತಿದ್ದ ಮಾರ್ಚ್‌ನಲ್ಲಿ ಅವನು ಮೂರು ವಾರ ಸದನಕ್ಕೆ ಬರಲಿಲ್ಲ. ದಾಖಲೆಯ ಪ್ರಕಾರ ದಿನವೂ ಬಂದಿದ್ದ, ಐವತ್ತೆಂಟು ಸಲ ಮತ ಹಾಕಿದ್ದ. ಮುಂದಿನ ಚುನಾವಣೆಯ ಕರಪತ್ರದಲ್ಲಿ ಪಕ್ಷದವರು ಅವನ ಫೋಟೋ ಕೆಳಗೆ 'ಒಂದೂ ಮತದಾನ ತಪ್ಪಿಸದ ಶಾಸಕ' ಎಂದು ಅಚ್ಚು ಹಾಕಿಸಿದರು. ಅವನು ಬೇಡ ಎನ್ನಲಿಲ್ಲ. ಗವರ್ನರ್ ಕೂಡ ಕುರ್ಚಿ ಕೊಟ್ಟ ದಿನ ಅದೇ ಸಾಲನ್ನು ಓದಿದ್ದರು.

"ನನ್ನ ಲೈಸೆನ್ಸ್ ಕಿತ್ಕೊಳ್ಳೋ ಈ ಕಾನೂನು ಪಾಸಾದ ದಿನಾನೂ ನೀನು ಆಸ್ಪತ್ರೇಲಿದ್ದೆ," ಎಂದ ಡೆಲ್ಮರ್. "ನಿನ್ನ ಹಸಿರು ಒತ್ತಿದ್ದು ನಾನೇ. ಥೂ, ಕೆಂಪು ಒತ್ತಬೇಕಿತ್ತು."

ಬಾಗಿಲು ತಟ್ಟಿ ಕಾಲೀನ್ ಒಳಗೆ ಬಂದಳು. ಕಮಿಷನರ್ ಕಚೇರಿಯ ಕಾರ್ಯದರ್ಶಿ. ಕೈಯಲ್ಲಿ ಆದೇಶದ ಪ್ರತಿ, ರೆಕಾರ್ಡರ್. ಎರಡನ್ನೂ ಮೇಜಿನ ನಡುವೆ ಇಟ್ಟು ಗೋಡೆಯ ಪಕ್ಕ ಕೂತಳು. "ರೆಕಾರ್ಡಿಂಗ್ ಶುರು ಮಾಡಿದೀನಿ ಸರ್."

"ನಿಮಗೆ ಹೇಳೋದು ಏನಾದರೂ ಇದೆಯಾ?" ಆರ್ಲೆನ್ ಬಹುವಚನಕ್ಕೆ ಹೊರಳಿದ.

"ಹೆಸರು ವರ್ನಾಳದು, ಕೈ ನಂದು. ಒಪ್ಕೋತೀನಿ."

"ಬೇರೆ?"

ಆರ್ಲೆನ್ ಕಾದ. ಈಗ ಆ ಗುಂಡಿಯ ವಿಷಯ ಹೇಳುತ್ತಾನೆ ಎಂದುಕೊಂಡ. ಅವನು ಹೇಳಿದರೆ ನಾಳೆಯ ಪತ್ರಿಕೆ, ನಾಡಿದ್ದು ರಾಜೀನಾಮೆ. ಏಳು ವರ್ಷದಲ್ಲಿ ಎಷ್ಟು ಜನ ಏಜೆಂಟರು ಇದೇ ಕುರ್ಚಿಯಲ್ಲಿ ಕೂತು ಎಲ್ಲರೂ ಹೀಗೇ ಮಾಡುತ್ತಾರೆ ಎಂದು ಅತ್ತಿದ್ದರು; ಎಷ್ಟು ಜನಕ್ಕೆ ಅವನು, ಎಲ್ಲರ ವಿಷಯ ಇಲ್ಲಿ ಬೇಡ ಎಂದಿದ್ದ. ಡೆಲ್ಮರ್ ಕಿಟಕಿಯ ಕಡೆ ನೋಡಿದ.

"ಬೇರೆ ಏನಿಲ್ಲ ಸರ್."

ಹನ್ನೊಂದು ವರ್ಷ ಪಕ್ಕದಲ್ಲಿ ಕೂತವನ ಬಾಯಲ್ಲಿ ಆ ಸರ್.

ಆರ್ಲೆನ್ ಆದೇಶವನ್ನು ಹತ್ತಿರಕ್ಕೆಳೆದುಕೊಂಡು ತನ್ನ ಪೂರ್ತಿ ಹೆಸರು ಬರೆದ. ಸಾಮಾನ್ಯವಾಗಿ ಗೀಚುತ್ತಿದ್ದ, ಇವತ್ತು ಒಂದೊಂದು ಅಕ್ಷರವೂ ಓದಲು ಬರುವಂತಿತ್ತು. ಕಾಲೀನ್ ಎದ್ದು ರೆಕಾರ್ಡರ್ ಕಡೆ ಕೈ ಚಾಚಿದಳು.

"ಆರಿಸಬೇಡ, ಇರಲಿ ಬಿಡು. ಇನ್ನೊಂದಿದೆ." ಆರ್ಲೆನ್‌ನ ಧ್ವನಿಯಲ್ಲಿ ಏರಿಳಿತವಿರಲಿಲ್ಲ. "ನಾನು ಶಾಸಕನಾಗಿದ್ದಾಗ, ನನ್ನ ಹೆಂಡತಿ ತೀರಿಕೊಂಡ ವರ್ಷ, ಮಾರ್ಚ್‌ನಲ್ಲಿ ಮೂರು ವಾರ ಸದನದಲ್ಲಿರಲಿಲ್ಲ. ಹಾಜರಿದ್ದೆ ಅಂತ ದಾಖಲೆ ಹೇಳುತ್ತೆ. ನನ್ನ ಮತ ಒತ್ತಿದ್ದು ನಾನಲ್ಲ."

"ಬಾಯಿ ಮುಚ್ಚೋ ಆರ್ಲೆನ್," ಎಂದ ಡೆಲ್ಮರ್.

"ಒತ್ತು ಅಂತ ಹೇಳಿದವನು ನಾನು."

"ಕಾಲೀನಮ್ಮಾ, ಆರಿಸಿ ಅದನ್ನ. ಮಾರ್ಲಿಸ್ ಸಾಯ್ತಾ ಇದ್ದಳು ಕಣೋ! ಅದಕ್ಕೂ ಇದಕ್ಕೂ ಏನು ಸಂಬಂಧ?"

"ವರ್ನಾ ಥರಾನೇ ನಾನೂ, ನಿನಗೆ ಸರಿ ಕಂಡ ಹಾಗೆ ಮಾಡು ಅಂದಿದ್ದೆ. ಫೋನಿನಲ್ಲಿ."

ಕಾಲೀನ್ ಇಬ್ಬರನ್ನೂ ನೋಡಿದಳು. ಆಮೇಲೆ ಕೆಳದನಿಯಲ್ಲಿ ಕೇಳಿದಳು: "ಇದನ್ನೂ ಟೈಪ್ ಮಾಡ್ಲಾ ಸರ್?"

"ಬೇಡಮ್ಮ," ಎಂದ ಡೆಲ್ಮರ್.

"ಮಾಡು," ಎಂದ ಆರ್ಲೆನ್.

ಆಗ ಕೆಳಗಿನ ಮಹಡಿಯಲ್ಲಿ, ಶಾಸಕರನ್ನು ಮತದಾನಕ್ಕೆ ಕರೆಯುವ ಗಂಟೆ ಉದ್ದಕ್ಕೆ ಹೊಡೆಯಿತು. ಇಬ್ಬರೂ ಒಟ್ಟಿಗೆ, ಕುರ್ಚಿಯ ಕೈಗಳನ್ನು ಹಿಡಿದು, ಅರ್ಧ ಎದ್ದರು. ಗಂಟೆ ನಿಲ್ಲುವ ತನಕ ಹಾಗೇ ಬಗ್ಗಿ ನಿಂತಿದ್ದು, ಮೊದಲು ಒಬ್ಬ, ಆಮೇಲೆ ಇನ್ನೊಬ್ಬ, ನಿಧಾನವಾಗಿ ಕೂತುಕೊಂಡರು.